ಅರ್ಜಿಯ ಸುಳ್ಳಿಗೆ ಶಿಕ್ಷೆ

ಗ್ವಾಟೆಮಾಲಾದಲ್ಲಿ ಹಳ್ಳಿಯೊಂದನ್ನು ಜನರ ಸಮೇತ ಸುಟ್ಟ ಸೈನಿಕ, ಅಮೆರಿಕದ ಲಾಂಗ್ ಬೀಚಿನಲ್ಲಿ ಕಾರ್ಪೆಟ್ ಅಂಗಡಿ ಇಟ್ಟುಕೊಂಡು ಸುಖವಾಗಿದ್ದ. ೨೦೦೮ರಲ್ಲಿ ಸಿಕ್ಕಿಬಿದ್ದಾಗ ಕೊಲೆ ನಡೆದದ್ದು ಬೇರೆ ದೇಶದಲ್ಲಾದ್ದರಿಂದ ಅವನ ಮೇಲೆ ಕೊಲೆಯ ಕೇಸು ಹಾಕಲು ಇಲ್ಲಿ ದಾರಿಯಿರಲಿಲ್ಲ. ಪೌರತ್ವದ ಅರ್ಜಿಯಲ್ಲಿ ಸೈನ್ಯದ ವಿಷಯ ಮುಚ್ಚಿಟ್ಟನೆಂಬುದಷ್ಟೇ ಆರೋಪ.

ಲಾಸ್ ಏಂಜಲೀಸಿನ ಕೋರ್ಟಿನಲ್ಲಿ ಸರ್ಕಾರಿ ವಕೀಲೆ ಅಮಿತಾ, ಆ ಹಳ್ಳಿಯ ಮುದುಕಿ ತೊಮಾಸಾಳಿಗೆ ಕೇಳಿದ್ದು ಒಂದೇ ಪ್ರಶ್ನೆ: ಅವತ್ತು ಇವನು ಸೈನಿಕನ ಬಟ್ಟೆಯಲ್ಲಿದ್ದನೇ? ಇದ್ದ ಎಂದ ಮುದುಕಿ, ಸತ್ತ ಮಗನ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನ್ಯಾಯಾಧೀಶರು ಈ ಕೇಸಿಗೆ ಅಷ್ಟು ಸಾಕೆಂದರು.

ಹಿಂದೆ ಕೂತು ನೋಡಿದ್ದ ಅಮಿತಾಳ ತಾಯಿ ವತ್ಸಲಾ ಹೊರಗೆ ಬಂದವರೇ ಸಿಡಿದರು. "ಇದ್ಯಾವ ಸೀಮೆ ನ್ಯಾಯನೇ? ಕೊಂದಿದ್ದಕ್ಕಲ್ಲ, ಫಾರಂ ತಪ್ಪು ತುಂಬಿದ್ದಕ್ಕೆ ಜೈಲಾ?"

"ಅಷ್ಟಾದ್ರೂ ಆಗ್ಲಿ ಅಂತ ಅಮ್ಮಾ."

"ಮಗನ ಹೆಸರು ಹೇಳೋಕೂ ಬಿಡ್ಲಿಲ್ವಲ್ಲೇ!"

ಅಷ್ಟರಲ್ಲಿ ತೊಮಾಸಾ ದುಭಾಷಿಯೊಂದಿಗೆ ಬಂದು ಕೇಳಿದಳು. "ನನ್ನ ಮಗನ ಕೇಸು ಯಾವಾಗ?"

"ಅಂಥ ಕೇಸು ಇಲ್ಲಮ್ಮಾ," ಎಂದಳು ಅಮಿತಾ. "ಹೆಸರು ನನಗೆ ಹೇಳಿ, ಕೇಳ್ತೀನಿ."

ಮುದುಕಿ ಕೋರ್ಟಿನ ಬಾಗಿಲತ್ತ ತಿರುಗಿದಳು. "ನಿನಗೆ ಹೇಳೋಕೆ ಇಷ್ಟು ದೂರ ಬರ್ಬೇಕಿತ್ತಾ ಮಗಳೇ? ಕೊಂದವನು ಕೇಳಿಸ್ಕೊಳ್ಬೇಕಿತ್ತು."