ಮೋಟರಿಗೆ ಮಧುಮತಿ ಬೇಕು

ಮಹಡಿಯ ಮೇಲೆ ಬಾಡಿಗೆಗಿದ್ದ ನಿಂಗರಾಜ ಹಳೆಯ ಕಂಪ್ಯೂಟರೊಂದನ್ನು ತಂದು ಅಡಿಗೆ ಕಟ್ಟೆಯ ಮೇಲೆ ಇಟ್ಟ. ರೊಟ್ಟಿ ಬಡಿಯಲು ಜಾಗವಿಲ್ಲದೆ ಅವನ ಹೆಂಡತಿ ಮಧುಮತಿ ತಲಘಟ್ಟಪುರದ ಅಕ್ಕನ ಮನೆಗೆ ಹೊರಟುಹೋದಳು. ಅದು ಎರಡು ಸಾವಿರದ ಒಂದನೇ ಇಸವಿ. ಬಿಟಿಎಂ ಲೇಔಟಿನ ನನ್ನ ಮಹಡಿಯಲ್ಲಿದ್ದುದು ಒಂದು ಕೋಣೆ, ಒಂದು ಅಡಿಗೆಮನೆ. ಕೋಣೆಯನ್ನು ಮಂಚವೇ ತಿಂದಿತ್ತು.

ಅದೇ ದಿನ, ಭಾನುವಾರ ಸಂಜೆ, ಅವನಿಗೆ ಉಪ್ಪಿಟ್ಟು ಕೊಡಲು ಹೋದೆ. ಪರದೆಯ ಮುಂದೆ ಪೆಚ್ಚಾಗಿ ಕೂತಿದ್ದ.

“ಏನಪ್ಪಾ, ಏನಂತೆ ಅದಕ್ಕೆ?”

“ಲಿನಕ್ಸ್ ರೀ ಆಂಟಿ. ಕನ್ನಡ ಟೈಪ್ ಮಾಡೋ ಪ್ಯಾಕೇಜ್ ಹಾಕಾಕತ್ತೀನಿ. ಅದು ಒಂದ ಬರೂದಿಲ್ಲ. ಮೊದಲ ಅಕ್ಷರದ್ದೊಂದು ಪ್ಯಾಕೇಜ್ ಬೇಕಂತ. ಅದನ್ನ ಹಾಕಾಕ ಹೋದ್ರ, ಅದಕ್ಕ ಇನ್ನೊಂದು ಬೇಕಂತ.”

“ಮದುವೆಗೆ ಕರೆಯೋಕೆ ಹೋದ್ರೆ, ಮೊದಲು ನಮ್ಮ ಭಾವನ್ನ ಕರೀರಿ ಅಂತಾರಲ್ಲ, ಹಾಗೆ.”

“ಹಂಗ ಅನ್ರಿ. ಆ ಭಾವಗೊಬ್ಬ ಭಾವ.”

ಕಂಪ್ಯೂಟರು ಸಿಟ್ಟಾಗುತ್ತಿರಲಿಲ್ಲ. ಏನು ಬೇಕೆಂದು ಹೇಳಿ ವಿನಯದಿಂದ ಸುಮ್ಮನಾಗುತ್ತಿತ್ತು. ಆ ನಡತೆ ನನಗೆ ಇಷ್ಟವಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ನನ್ನ ಮನೆಯೂ ಅದನ್ನೇ ಕಲಿತಿತ್ತು.

ಒಲೆ ಹತ್ತಲಿಲ್ಲ. “ಕ್ಷಮಿಸಿ,” ಎಂದಿತು, “ನನಗೆ ಹಾಲಿನ ಪಾತ್ರೆ ಬೇಕು.” ಪಾತ್ರೆ ಇಟ್ಟರೆ ಅದಕ್ಕೆ ಹಾಲು ಬೇಕಿತ್ತು. ಹಾಲಿಗೆ ಗೇಟಿನ ಚೀಲ, ಚೀಲಕ್ಕೆ ಮಧುಮತಿ. ರಾತ್ರಿ ತನ್ನದರ ಜೊತೆ ನನ್ನ ಚೀಲವನ್ನೂ ಗೇಟಿಗೆ ಸಿಕ್ಕಿಸುತ್ತಿದ್ದವಳು ಅವಳಂತೆ. ನಾನೇ ಸಿಕ್ಕಿಸುತ್ತೇನೆಂದು ತಿಳಿದಿದ್ದೆ.

ಮುಖ ತೊಳೆಯೋಣವೆಂದರೆ ನಲ್ಲಿಗೆ ಟ್ಯಾಂಕು, ಟ್ಯಾಂಕಿಗೆ ಮೋಟರು, ಮೋಟರಿಗೆ ಮತ್ತೆ ಮಧುಮತಿ. “ನಿಮ್ಮ ಮಂಡಿ ನೋವು ನೋಡಿ ಬೆಳಗಿನ ಸ್ವಿಚ್ ಅವರೇ ಹಾಕೋರು,” ಎಂದಿತು ಮೋಟರು. ಮುಂಬಾಗಿಲು ಮಾತ್ರ ಏನೂ ಕೇಳದೆ ತೆರೆಯಿತು. ಅದು ತೇಗದ್ದು, ಹಳೆಯ ಕಾಲದ್ದು. ಫೋನೂ ಯಾರನ್ನೂ ಕೇಳಲಿಲ್ಲ, ತಲಘಟ್ಟಪುರಕ್ಕೆ ಮಾಡಿದೆ.

“ವಾಪಸ್ ಬಾರಮ್ಮ ಮಧುಮತಿ. ಇಲ್ಲಿ ಯಾವುದೂ ನಡೀತಿಲ್ಲ.”

“ಅವರು ಬಂದು ಕರೀಲಿ ಆಂಟಿ, ಬರ್ತೀನಿ.”

ಮೇಲೆ ಹೋದೆ. “ಆಕಿ ಬಾ ಅಂತ ಒಂದ ಮಾತು ಅನ್ಲಿ, ಹೋಗ್ತೀನ್ರಿ,” ಎಂದ ನಿಂಗರಾಜ. ಆಫೀಸಿಗೆ ಹೋಗಿರಲಿಲ್ಲ, ಅವನ ಅಂಗಿಯ ಗುಂಡಿಗಳಿಗೂ ಅವಳೇ ಬೇಕಾಗಿದ್ದಳು. ನನಗೆ ಹೆದರಿಕೆಯಾಯಿತು. ನನ್ನ ತಂಗಿಯ ಸಂಸಾರ ಮುರಿದದ್ದು ಜಗಳದಿಂದಲ್ಲ, ಇಂಥದೇ ಒಂದು ಮೌನದಿಂದ.

ಪರದೆಯ ಮೇಲೂ ಅದೇ ಕಥೆ. “ಎರಡ ಉಳದಾವ್ರಿ. ಇದಕ್ಕ ಅದು ಬೇಕು, ಅದಕ್ಕ ಇದು ಬೇಕು. ಒಂದೊಂದ ಹಾಕಿದ್ರ ಎರಡೂ ಒಲ್ಲೆ ಅಂತಾವ.”

“ಹಾಗಾದ್ರೆ ಏನು ಮಾಡ್ತೀಯ?”

“ಎರಡರ ಹೆಸರೂ ಒಂದ ಸಾಲಿನ್ಯಾಗ ಬರೀಬೇಕ್ರಿ. ಕೂಡೇ ಬಂದ್ರ ತಕರಾರಿಲ್ಲ.”

ಬರೆದ. ಒಪ್ಪಿತು.

ಅವನ ತೋಳು ಹಿಡಿದು ಕೆಳಗೆ ಕರೆತಂದೆ. ತಲಘಟ್ಟಪುರಕ್ಕೆ ಮತ್ತೆ ಫೋನ್ ಮಾಡಿ, ರಿಸೀವರನ್ನು ಅವನ ಕಿವಿಗೂ ನನ್ನ ಕಿವಿಗೂ ನಡುವೆ ಹಿಡಿದೆ. “ಯಾರೂ ಮೊದಲಲ್ಲ. ಮೂರು ಅಂದ ತಕ್ಷಣ ಇಬ್ಬರೂ ಒಟ್ಟಿಗೆ ಮಾತಾಡಿ.”

ಮೂರು ಎಂದೆ. ಇಬ್ಬರೂ ಒಮ್ಮೆಲೇ ಕೇಳಿದರು: “ಊಟ ಆತೇನು?” ಅವಳ ‘ರೀ’ ಮಾತ್ರ ಒಂದು ಹೆಜ್ಜೆ ಹಿಂದೆ ಬಂತು.

ಅಡಿಗೆಮನೆಯಲ್ಲಿ ಒಲೆ ಭಗ್ಗೆಂದು ಹತ್ತಿಕೊಂಡಿತು.

“ಕಟ್ಟಿ ಮ್ಯಾಲಿಂದ ಅದನ್ನ ತಗೀತೀರೇನು?”

“ತಗದೆ ಅನ್ನು.”

“ಎಲ್ಲಿಡ್ತೀರಿ?”

“ಆಂಟಿ ಮನ್ಯಾಗ.”

“ಹಂಗಾದ್ರ ಅರ್ಧ ದಾರಿ, ಬನಶಂಕರಿ ಬಸ್ ಸ್ಟ್ಯಾಂಡಿಗೆ ಬರ್ರಿ. ನಾನೂ ಹೊಂಟೆ.”

ನನ್ನನ್ನು ಯಾರೂ ಕೇಳಲಿಲ್ಲ. ನಿಂಗರಾಜ ಗುಂಡಿ ಹಾಕಿಕೊಳ್ಳುತ್ತಲೇ ಗೇಟು ದಾಟಿದ. ಹಾಲಿನ ಪಾತ್ರೆ ಒಲೆಯ ಮೇಲೆ ಬರಿದೇ ಕಾಯುತ್ತಿತ್ತು, ಹೋಗಿ ಉರಿ ಆರಿಸಿದೆ. ಆಮೇಲೆ ಟೀಪಾಯಿಯನ್ನು ಖಾಲಿ ಮಾಡತೊಡಗಿದೆ. ಹೂದಾನಿ ಅಲುಗಲಿಲ್ಲ. ಅದಕ್ಕೆ ಮೊದಲು ಬೇರೊಂದು ಜಾಗ ಬೇಕಂತೆ. ನ್ಯಾಯವೇ ಅಲ್ಲವೇ ಎನಿಸಿ, ಕಿಟಕಿಯ ಕಟ್ಟೆ ಒರೆಸಿಕೊಟ್ಟೆ.