ಬಲಗಡೆಯವಳ ಸಾಕ್ಷಿ

ಪುನ್ನಮುಕ್ಕಿನ ಬಸ್ ನಿಲ್ದಾಣದ ಬಳಿ ನಾವು ಹನ್ನೊಂದು ಹೆಂಗಸರು ಮೀನು ಮಾರುತ್ತೇವೆ. ಜಾಗ ತಾಯಿಯಿಂದ ಮಗಳಿಗೆ ಬರುತ್ತದೆ. ಕಾಗದಪತ್ರ ಯಾರ ಹತ್ತಿರವೂ ಇಲ್ಲ. ನನ್ನ ಎಡಕ್ಕೆ ಟ್ರಾನ್ಸ್‌ಫಾರ್ಮರ್, ಬಲಕ್ಕೆ ಮೆಟಿಲ್ಡ. ಅವಳಾಚೆ ಮೋರಿ. ಉಳಿದವರೆಲ್ಲ ರಸ್ತೆಯ ಆ ಬದಿ.

ಮೆಟಿಲ್ಡಳ ಬುಟ್ಟಿ ಹತ್ತು ಗಂಟೆಗೇ ಖಾಲಿ. ನಾನು ಮಧ್ಯಾಹ್ನದವರೆಗೂ ಬಂಗುಡೆಯ ಮೇಲಿನ ನೊಣ ಓಡಿಸುತ್ತಾ ಕೂತಿರುತ್ತೇನೆ. ಹೊಟ್ಟೆ ಉರಿಯದೇ ಇರುತ್ತದೆಯೇ?

ರಸ್ತೆ ಅಗಲ ಮಾಡುತ್ತೇವೆ, ಎದ್ದೇಳಿ ಎಂದರು ನಗರಸಭೆಯವರು. ಹಳೇ ವ್ಯಾಪಾರಿ ಎಂದು ಸಾಬೀತಾದರೆ ಮಾತ್ರ ಹೊಸ ಮಾರುಕಟ್ಟೆಯಲ್ಲಿ ಜಾಗವಂತೆ. ಸಮಾಜ ಕಾರ್ಯಕರ್ತೆ ಲಿಜಿ ಕಚೇರಿಗೆ ಅಲೆದಲೆದು, ಕಾಗದವಿಲ್ಲದಿದ್ದರೆ ಪಕ್ಕದವರ ಸಾಕ್ಷಿ ಸಾಕು ಎಂದು ಒಪ್ಪಿಸಿದ್ದಳು. ಅದನ್ನು ಬರೆದುಕೊಳ್ಳಲು ನನ್ನ ಮುಂದೆ ಕೂತಳು. ನಮ್ಮನ್ನೆಲ್ಲ ಅವಳು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು.

“ಬ್ರಿಜಿತ್ತ ಚೇಚಿ, ಮೆಟಿಲ್ಡ ಚೇಚಿ ಎಷ್ಟು ವರ್ಷದಿಂದ ಇಲ್ಲಿ ಕೂರ್ತಾರೆ?”

“ನನಗೇನು ಗೊತ್ತು? ನಾನು ಮೀನು ನೋಡ್ಲೋ, ಅವಳ ಮುಖ ನೋಡ್ಲೋ?”

“ನೀವು ಹೇಳದಿದ್ರೆ ಅವರ ಪರ ಹೇಳೋರೇ ಇಲ್ಲ.”

“ಇಲ್ದಿದ್ರೆ ಹೋಗ್ಲಿ! ಗಿರಾಕಿನೆಲ್ಲ ಅವಳೇ ನುಂಗಿದಾಳೆ. ನೀನೂ ಅಷ್ಟೇ, ಬಂದಾಗೆಲ್ಲ ಚಹಾ ಕುಡಿಯೋದು ಅವಳ ಪಕ್ಕದಲ್ಲೇ.”

ಲಿಜಿ ನಕ್ಕಳು. “ಇವತ್ತು ನಿಮ್ಮ ಪಕ್ಕ ಕುಡೀತೀನಿ ಬಿಡಿ. ಆದ್ರೆ ಚೇಚಿ, ಅವರನ್ನ ಬಿಟ್ಟುಕೊಟ್ರೆ, ನಾಳೆ ನಿಮ್ಮನ್ನ ಎಬ್ಬಿಸುವಾಗ ನಾನು ಯಾವ ಬಾಯಲ್ಲಿ ನ್ಯಾಯ ಕೇಳಲಿ?”

“ನನ್ನನ್ನ ಯಾರೇ ಎಬ್ಬಿಸೋರು? ನಮ್ಮಮ್ಮ ಕೂತ ಜಾಗ ಇದು!”

“ಅದಕ್ಕೆ ಸಾಕ್ಷಿ ಯಾರು?”

ಎಡಕ್ಕೆ ತಿರುಗಿದೆ. ಟ್ರಾನ್ಸ್‌ಫಾರ್ಮರ್. ಬಲಕ್ಕೆ ತಿರುಗಿದೆ. ಮೆಟಿಲ್ಡ.

ಲಿಜಿ ಹಾಳೆ ತಿರುವಿ, ಮೆಟಿಲ್ಡ ಹಿಂದಿನ ದಿನವೇ ಬರೆಸಿದ್ದನ್ನು ಓದಿದಳು: “ಬ್ರಿಜಿತ್ತಳ ಅಮ್ಮ ಇಲ್ಲೇ ಕೂರ್ತಿದ್ರು. ಅವರು ತೀರಿಹೋದ ಒಂಬತ್ತನೇ ದಿನ ಇವಳು ಬಂದು ಕೂತಳು. ಅಳ್ತಾ ಅಳ್ತಾನೇ ಬಂಗುಡೆ ಎಣಿಸಿ ಕೊಟ್ಟಳು. ಮೊದಲನೇ ಗಿರಾಕಿನ ನಾನೇ ಕಳಿಸಿದ್ದು.”

ಆ ಕೊನೆಯ ಮಾತು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇವಳ ಮೇಲೆ ಕಿಡಿಕಾರಿದೆನಲ್ಲ ಎಂದು ನಾಚಿಕೆಯಾಯಿತು.

“ಬರ್ಕೋ ಲಿಜಿ. ಇಪ್ಪತ್ತೆರಡು ವರ್ಷ. ನಮ್ಮಮ್ಮನ ಜೊತೆ ಬರ್ತಿದ್ದಾಗ ಅವಳಮ್ಮ ಕೂತಿದ್ದನ್ನೂ ನೋಡಿದೀನಿ. ಅವಳ ಮೀನು ನನ್ನದಕ್ಕಿಂತ ತಾಜಾ ಏನಲ್ಲ, ಅದನ್ನೂ ಬರ್ಕೋ!”

“ಕೇಳಿಸ್ತು ಕಣೇ!” ಎಂದಳು ಮೆಟಿಲ್ಡ ಪಕ್ಕದಿಂದಲೇ.

ಹೊಸ ಮಾರುಕಟ್ಟೆಯಲ್ಲೂ ನಾವು ಅಕ್ಕಪಕ್ಕ. ಇವತ್ತೂ ಹತ್ತಕ್ಕೆ ಅವಳ ಬುಟ್ಟಿ ಖಾಲಿ, ಇವತ್ತೂ ನನಗೆ ಹೊಟ್ಟೆಯುರಿ.

ಅಕ್ಕಂದಿರೇ, ಹೊಟ್ಟೆಕಿಚ್ಚು ಪಡಬೇಡಿ ಎನ್ನಲು ನಾನ್ಯಾರು? ಆದರೆ ನಿಮ್ಮೂರಿಗೆ ಲಿಜಿಯಂಥವರು ಹಾಳೆ ಹಿಡಿದು ಬಂದಾಗ ಪಕ್ಕದವಳ ಹೆಸರು ಹೇಳಿ. ನಿಮ್ಮ ಹೆಸರು ಹೇಳಬೇಕಾದವಳೂ ಅವಳೇ.