ಘಟ್ಟದ ಈಚೆಗಿನ ನೀರು

ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ನಾಗವ್ವ ಮುಂದಿನ ಉಂಡೆಯನ್ನು ಪರಾತದೊಳಗಿಟ್ಟು ಬಡಿಯತೊಡಗಿದಳು. ದಾದರಿನ ಆ ಚಾಳಿನಲ್ಲಿ ಎಷ್ಟೋ ಜನ ಇಷ್ಟು ವರ್ಷ ಈ ಸದ್ದಿಗೇ ಎದ್ದಿದ್ದರು. ನಾಳೆ ಅವರು ಬೇರೆ ಯಾವುದಕ್ಕಾದರೂ ಏಳಬೇಕು. ಟ್ರಂಕು, ಹಾಸಿಗೆ, ಪಾತ್ರೆಗಳೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಮುಂದೆ ಹೋಗಿದ್ದವು. ಉಳಿದದ್ದು ಇದ್ದಿಲ ಶೆಗಡಿ, ಹಂಚು, ಪರಾತ. ಅವನ್ನು ಪಕ್ಕದ ಕೋಣೆಯ ಮೋಹಿನಿಗೆ ಕೊಟ್ಟುಹೋಗುವುದೆಂದು ಮಾತಾಗಿತ್ತು.

ರಾಜ್ಯಗಳು ಬೇರೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ನೀಲಕಂಠಪ್ಪ ಮುಂಬೈ ಸರಕಾರದ ಸೆಕ್ರೆಟರಿಯೇಟಿನಲ್ಲಿ ಗುಮಾಸ್ತನಾಗಿ ಸೇರಿ ಹೆಡ್ ಕ್ಲರ್ಕ್ ಆದವನು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ನೌಕರರನ್ನೆಲ್ಲ ಮೈಸೂರು ರಾಜ್ಯಕ್ಕೆ ಹಂಚಿದಾಗ ಅವನ ಹೆಸರೂ ಅದರಲ್ಲಿತ್ತು. ಕನ್ನಡಿಗರೆಲ್ಲ ಒಂದಾದೆವು ಎಂದು ಅಂದು ರಾತ್ರಿ ಅವನು ಚಾಳಿಗೆಲ್ಲ ಪೇಢೆ ಹಂಚಿದ್ದ. ನಾಗವ್ವನೂ ಒಂದು ಪೇಢೆ ತಿಂದಳು. ಮುಂಬೈಯನ್ನು ಬಿಟ್ಟುಹೋಗಲು ಅವಳಿಗೆ ದುಃಖವೇನೂ ಇರಲಿಲ್ಲ. ಈ ಊರಿನಲ್ಲಿ ಅವಳದು ಎಂದು ಇದ್ದದ್ದು ಧಾರಾವಿಯ ಆಚೆ, ಲಿಂಗಾಯತ ಸಮಾಜದವರು ಮಣ್ಣು ಮಾಡುವ ಜಾಗದಲ್ಲಿನ ಮೂರು ಗೇಣು ನೆಲ. ಅದನ್ನು ಅವಳು ಕಣ್ಣಾರೆ ಕಂಡವಳೂ ಅಲ್ಲ.

ಮಗಳ ಹೆಸರು ಮಲ್ಲವ್ವ. ನಾಗವ್ವನ ತಾಯಿಯ ಹೆಸರು. ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಏಳು ವರ್ಷದ ಹಿಂದೆ ಉಸಿರು ಕಟ್ಟಿದಾಗ ಗಂಟಲಮಾರಿ ಎಂದರು. ಆಸ್ಪತ್ರೆಯಲ್ಲಿ ಉಸಿರಿಗೆ ದಾರಿ ಮಾಡಲು ಕೂಸಿನ ಕೊರಳಿಗೆ ಕತ್ತರಿ ಹಾಕುವ ಮುಂಚೆ, ನರ್ಸು ಲಿಂಗದ ದಾರವನ್ನು ಕತ್ತರಿಸಿ, ಪುಟ್ಟ ಬಟ್ಟೆಯ ಗಂಟನ್ನು ತಾಯಿಯ ಕೈಗೆ ಕೊಟ್ಟಿದ್ದಳು. ನಾಗವ್ವ ಅದನ್ನು ಸೆರಗಿಗೆ ಕಟ್ಟಿಕೊಂಡಳು. ನಸುಕಿನಲ್ಲಿ ಕೂಸು ಹೋಯಿತು. ಗಂಡಸರು ಆಸ್ಪತ್ರೆಯಿಂದಲೇ ನೇರ ಎತ್ತಿಕೊಂಡು ಹೋದರು. ಅವಳನ್ನು ಟ್ಯಾಕ್ಸಿಯಲ್ಲಿ ಮನೆಗೆ ಕಳಿಸಿದರು. ಸೆರಗಿನ ಗಂಟು ಅವಳ ನೆನಪಿಗೆ ಬಂದದ್ದು ಮಧ್ಯಾಹ್ನ, ಗಂಡ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬಂದಾಗ. ಕೇಳುವ ಮೊದಲೇ ಅವನು ಹೇಳಿದ್ದ, ಎಲ್ಲಾ ಸರಿಯಾಗಿ ಆಯಿತು, ಲಿಂಗ ಆಸ್ಪತ್ರೆಯಲ್ಲಿ ಎಲ್ಲೋ ಬಿದ್ದಿರಬೇಕು, ಅಯ್ಯನವರು ತಮ್ಮ ಜೋಳಿಗೆಯಿಂದ ಬೇರೊಂದು ತೆಗೆದು ಅಂಗೈಯಲ್ಲಿಟ್ಟು ಮಣ್ಣು ಕೊಡಿಸಿದರು ಎಂದು. ಹೇಳಿ ಮುಗಿಸಿದವನು ಒದ್ದೆ ಧೋತರದಲ್ಲೇ ಹೊಸ್ತಿಲ ಬಳಿ ಕೂತುಬಿಟ್ಟ. ನಾಗವ್ವ ಗಂಟಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನಿಗೆ ಒಣ ಧೋತರ ತಂದುಕೊಟ್ಟಳು.

ಆಮೇಲೆ ಹೇಳಲು ಹೊತ್ತು ಬರಲೇ ಇಲ್ಲ. ಕುಂಕುಮದ ಭರಣಿಯಲ್ಲಿ, ಕುಂಕುಮದ ಅಡಿಗೆ ಅದು ಕೂತಿತು. ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಸೆರಗು ಹೊದ್ದು ಪೂಜೆಗೆ ಕೂತಾಗ ಅವಳ ಎಡ ಅಂಗೈಯಲ್ಲಿ ಎರಡು ಲಿಂಗಗಳಿರುತ್ತಿದ್ದವು. ಒಂದೇ ಕೋಣೆಯ ಮನೆಯಾದರೂ ಪೂಜೆಗೆ ಕೂತವಳ ಅಂಗೈಯನ್ನು ಇಣುಕಿ ನೋಡುವವರು ಯಾರು? ಒಬ್ಬರ ಕೈಗೆ ಒಂದೇ ಲಿಂಗ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಎರಡು ವರ್ಷದ ಹಿಂದೆ ಅತ್ತೆ ರಾಚವ್ವ ಊರಿನಿಂದ ಬಂದು ಇಲ್ಲೇ ಉಳಿದಮೇಲಂತೂ ಪ್ರತಿದಿನದ ಪೂಜೆ ಅವಳಿಗೆ ಕಳವು ಮಾಡಿದಂತಾಗಿತ್ತು. ಯಾರದೋ ಮನೆಯ ಸುದ್ದಿಗೆ ಅತ್ತೆ ಒಮ್ಮೆ ಹೇಳಿದ್ದಳು, ಒಡೆಯ ಹೋದ ಲಿಂಗ ಮನೆಯಲ್ಲಿ ಇರಬಾರದು, ಮಣ್ಣಿಗಾದರೂ ಹೋಗಬೇಕು, ಹರಿಯುವ ನೀರಿಗಾದರೂ ಹೋಗಬೇಕು ಎಂದು.

ನಿನ್ನೆ ಸಂಜೆ ನಾಗವ್ವ ಧೈರ್ಯ ಮಾಡಿ ಗಂಡನನ್ನು ಕೇಳಿದ್ದಳು. ಹೇಗೂ ಕಾರು ಧಾರಾವಿಯ ಮೇಲೆ ಹಾಯುತ್ತದೆ, ಒಂದು ಗಳಿಗೆ ಅಲ್ಲಿ ನಿಲ್ಲಿಸಿದರೆ ಆಗುವುದಿಲ್ಲವೇ?

“ಹೊಸಾ ಸಂಸಾರಕ್ಕ ಹೊಂಟಾಗ ಮಣ್ಣಿನ ಜಾಗಾಕ್ಕ ಹೋಗ್ತಾರೇನ?” ಎಂದಿದ್ದ ನೀಲಕಂಠಪ್ಪ. ಆಮೇಲೆ, “ಹೋದ್ರೂ ಎಲ್ಲಿ ಅಂತ ತೋರಸ್ಲಿ? ನನಗೂ ಈಗ ಗುರ್ತು ಹತ್ತೂದಿಲ್ಲ,” ಎಂದು ಸೇರಿಸಿದ್ದ.

ಕೊನೆಯ ರೊಟ್ಟಿ ಕೆಂಡದ ಮೇಲೆ ಉಬ್ಬುವಾಗ ಕೆಳಗಿನಿಂದ ಹಾರ್ನ್ ಕೇಳಿಸಿತು. ಗದಿಗೆಪ್ಪ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ. ಅವನು ನೀಲಕಂಠಪ್ಪನ ಕಾಕಾನ ಮಗ, ಬೆಳಗಾವಿಯ ಅರಿವೆ ವ್ಯಾಪಾರಿ. ಖರೀದಿಗೆಂದು ಮುಂಬೈಗೆ ಬಂದಿದ್ದ. ರಾಜಧಾನಿ ಬದಲಾದ ಮೇಲೆ ವ್ಯಾಪಾರವೂ ಬದಲಾಗಬೇಕಲ್ಲ, ಬೆಂಗಳೂರಿನಲ್ಲಿ ಅಂಗಡಿಗೆ ಜಾಗ ನೋಡಲು ತನ್ನ ಹಿಲ್ಮನ್ ಕಾರಿನಲ್ಲೇ ಹೊರಟಿದ್ದ. ನಾಗವ್ವನ ಸ್ನಾನವಾಗಿತ್ತು, ಪೂಜೆ ಆಗಿರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಮಾಡಿಕೊಂಡರಾಯಿತೆಂದು ತಾಮ್ರದ ತಂಬಿಗೆಗೆ ನೀರು ತುಂಬಿ ಬಟ್ಟೆ ಕಟ್ಟಿದಳು. ರೊಟ್ಟಿಯನ್ನು ಧೋತರದ ತುಂಡಿನಲ್ಲಿ ಸುತ್ತಿದಳು. ಭರಣಿಯೊಳಗಿನ ಪುಟ್ಟ ಗಂಟನ್ನು ಸೆರಗಿಗೆ ಕಟ್ಟಿಕೊಂಡಳು, ಅಂದಿನ ಹಾಗೆಯೇ.

ಮೋಹಿನಿ ಮೆಟ್ಟಿಲವರೆಗೆ ಬಂದು ಒಂದು ಲಿಂಬೆಹಣ್ಣು ಕೈಗಿತ್ತಳು. “ಘಾಟಿಯಲ್ಲಿ ತಲೆ ತಿರುಗುತ್ತದೆ ಮಾರಾಯ್ತಿ, ಇದನ್ನು ಮೂಸುತ್ತಾ ಇರಿ,” ಎಂದವಳೇ ಒಳಗೆ ಹೋದಳು. ಅವಳ ಗಂಡ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವರನ್ನು ಯಾವ ರಾಜ್ಯಕ್ಕೂ ಯಾರೂ ಹಂಚಿರಲಿಲ್ಲ.

ಗಂಡಸರಿಬ್ಬರೂ ಮುಂದೆ, ಹೆಂಗಸರಿಬ್ಬರೂ ಹಿಂದೆ ಕೂತರು.

“ನೋಡ್ರಿ ವೈನಿ,” ಎಂದ ಗದಿಗೆಪ್ಪ ನಾಗವ್ವನ ಕಡೆ ತಿರುಗಿ, “ಒಂದು ರಾಜಧಾನಿಯಿಂದ ಇನ್ನೊಂದು ರಾಜಧಾನಿಗೆ ಸ್ವಂತ ಕಾರಿನ್ಯಾಗ ಹೊಂಟೀರಿ. ಪೇಶ್ವೆರ ಹೆಂಡ್ರಿಗೂ ಈ ಸುಖ ಇರಲಿಲ್ಲ.”

“ಸುಖ ಆಮ್ಯಾಲ ನೋಡೂಣು, ಮೊದಲ ನನಗ ಕಾಲು ಚಾಚಾಕ ಜಾಗಾ ಮಾಡಿಕೊಡು,” ಎಂದಳು ರಾಚವ್ವ.

ಧಾರಾವಿಯಲ್ಲಿ ಹದ ಮಾಡಿದ ತೊಗಲಿನ ವಾಸನೆ ಬಂತು. ನಾಗವ್ವ ಕಿಟಕಿಗೆ ಮುಖವಿಟ್ಟಳು. ಓಣಿಗಳು, ತಗಡಿನ ಮಾಡುಗಳು, ಅವುಗಳ ಹಿಂದೆ ಎಲ್ಲೋ ಒಂದು ಗೋಡೆ. ಅದೇ ಗೋಡೆಯೋ ಅಲ್ಲವೋ. ಮುಂದೆ ಕೂತ ಗಂಡ ಮಾತು ನಿಲ್ಲಿಸಿ ಎದುರಿನ ಗಾಜನ್ನೇ ನೋಡುತ್ತಿದ್ದ. ಕುರ್ಲಾ ಬಂದಮೇಲೆ ಅವನಿಗೆ ಮತ್ತೆ ಮಾತು ಬಂತು. ವಿಕ್ರೋಳಿಯ ಕಾರಖಾನೆಗಳು ದಾಟಿದವು, ಠಾಣೆ ದಾಟಿತು. ಪನವೇಲಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಖೋಪೋಲಿಯಲ್ಲಿ ಗಂಡಸರು ಚಹಾ ಕುಡಿದರು. ಪೂಜೆಯಾಗದ ನಾಗವ್ವ ಬಾಯಿಗೆ ನೀರನ್ನೂ ಹಾಕಲಿಲ್ಲ.

ಅಲ್ಲಿಂದ ಮುಂದೆ ಬೆಟ್ಟ. ಹಗ್ಗ ಸುತ್ತಿದ ಹಾಗೆ ರಸ್ತೆ ಸುತ್ತಿ ಸುತ್ತಿ ಏರುತ್ತಿತ್ತು. ಮಳೆಗಾಲದ ಹಸಿರು ಇನ್ನೂ ಪೂರಾ ಆರಿರಲಿಲ್ಲ. ಹುಲ್ಲಿನ ತುದಿ ಮಾತ್ರ ಹೊಂಬಣ್ಣಕ್ಕೆ ತಿರುಗಿತ್ತು. ಎದುರಿನ ಕಪ್ಪು ಕಲ್ಲಿನ ಗೋಡೆಗಳಿಂದ ಜಲಪಾತಗಳು ನೂಲಿನಂತೆ ಇಳಿಯುತ್ತಿದ್ದವು. ಕೆಳಗೆ ಆಳದಲ್ಲಿ, ಬಿಟ್ಟುಬಂದ ಬಯಲು ಮಂಜಿನೊಳಗೆ ಸಮುದ್ರದಂತೆ ಮಲಗಿತ್ತು. ತಿರುವಿನ ಪುಟ್ಟ ಗುಡಿಯೊಂದಕ್ಕೆ ಗದಿಗೆಪ್ಪ ಕಿಟಕಿಯಿಂದಲೇ ಕಾಸು ಎಸೆದು ಕೈಮುಗಿದ. ಇಂಗ್ಲೀಷರಿಗೆ ಈ ಘಟ್ಟದ ದಾರಿ ತೋರಿಸಿದ ಕುರುಬನ ಗುಡಿಯಂತೆ ಅದು.

“ಅಣ್ಣಾ, ಈ ನೆತ್ತಿ ದಾಟಿದ್ರ ನೀರೆಲ್ಲಾ ನಮ್ಮ ಕಡೆ,” ಎಂದ ಅವನು. “ಇಂದ್ರಾಯಣಿ, ಭೀಮಾ, ಆಮ್ಯಾಲೆ ಕೃಷ್ಣಾ. ಈಚಿ ಕಡೆ ಬಿದ್ದದ್ದು ಮುಂಬೈ ಸಮುದ್ರಕ್ಕ. ಮಳಿ ಒಂದ, ನಡುವ ಒಂದು ಕಲ್ಲು ಬಂದು ಪಾಲು ಆಗಿಬಿಡ್ತೈತಿ ನೋಡು.”

ನೀಲಕಂಠಪ್ಪನಿಗೆ ಆ ಮಾತು ಬಹಳ ಹಿಡಿಸಿತು. ನಾಗವ್ವನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಮಣ್ಣಿನ ಜಾಗ ಹಿಂದಾಯಿತು. ಮಗಳಿರುವ ಕಡೆಗೆ ಹರಿಯುವ ನೀರೂ ಇನ್ನೊಂದೆರಡು ತಿರುವಿನಲ್ಲಿ ಹಿಂದಾಗುತ್ತದೆ. ಬಿಡುವುದಾದರೆ ಇಲ್ಲೇ ಬಿಡಬೇಕು. ಆದರೆ ಕಾರು ನಿಲ್ಲಿಸಿ ಎಂದು ಹೇಗೆ ಹೇಳುವುದು, ಏನೆಂದು ಹೇಳುವುದು?

ಹೇಳುವ ಪ್ರಸಂಗವೇ ಬರಲಿಲ್ಲ. ನೆತ್ತಿ ಕಣ್ಣಿಗೆ ಕಾಣುವಷ್ಟರಲ್ಲಿ ಕಾರಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ಗದಿಗೆಪ್ಪ ಬದಿಗೆ ಸರಿಸಿ ನಿಲ್ಲಿಸಿದ. ನೀಲಕಂಠಪ್ಪ ಇಳಿದು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ನೀರಿನ ಡಬ್ಬಿಯನ್ನು ಖೋಪೋಲಿಯಲ್ಲಿ ತುಂಬಿಸುವುದು ಚಹಾದ ನಡುವೆ ಮರೆತೇಹೋಗಿತ್ತು. ಇಂಜಿನ್ ತಣ್ಣಗಾದ ಮೇಲೆ ಗದಿಗೆಪ್ಪನ ಕಣ್ಣು ತಾಮ್ರದ ತಂಬಿಗೆಯ ಮೇಲೆ ಬಿತ್ತು.

“ಲಿಂಗಕ್ಕ ಅಂತ ಇಟ್ಟ ನೀರು ಇಂಜಿನ್ನಿಗೆ ಹಾಕ್ತೀಯೇನೋ?” ರಾಚವ್ವ ತಂಬಿಗೆಗೆ ಕೈ ಅಡ್ಡ ಹಿಡಿದಳು.

“ದೊಡ್ಡವ್ವ, ಅದೂ ಮುಂಜಾನಿಂದ ಉಪಾಸ ಐತಿ.”

ನಾಗವ್ವ ತಾನೇ ತಂಬಿಗೆ ಎತ್ತಿ ಮೈದುನನಿಗೆ ಕೊಟ್ಟಳು. ಮೇಲೆ ಝರಿ ಕಾಣುತ್ತದೆ, ಅಲ್ಲೇ ಪೂಜೆ ಮುಗಿಸಿಕೊಂಡು ಬರುತ್ತೇನೆ ಎಂದಳು. ಬರಿದಾದ ತಂಬಿಗೆ ಹಿಡಿದು ಹುಲ್ಲಿನ ನಡುವೆ ಹತ್ತಿದಳು.

ಒಂದು ದೊಡ್ಡ ಬಂಡೆಯ ಮರೆಯಲ್ಲಿ ನೀರು ಸಣ್ಣಗೆ ಜಿನುಗಿ, ಕಲ್ಲಿನಿಂದ ಕಲ್ಲಿಗೆ ಇಳಿದು, ಕೆಳಗೆ ರಸ್ತೆಯಡಿ ಹಾಯ್ದು ಕಣಿವೆಗೆ ಬೀಳುತ್ತಿತ್ತು. ಮದುವೆಯಾದಾಗಿನಿಂದ ಅವಳು ಹೀಗೆ ಯಾವ ಗೋಡೆಗೂ ಮುಖ ಮಾಡದೆ, ಒಬ್ಬಳೇ ಪೂಜೆಗೆ ಕೂತಿರಲಿಲ್ಲ. ವಿಭೂತಿ ಧರಿಸಿದಳು. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ತೆರೆದು ತನ್ನ ಲಿಂಗ ತೆಗೆದಳು. ಸೆರಗಿನ ಗಂಟು ಬಿಚ್ಚಿ, ಕುಂಕುಮದಿಂದ ಕೆಂಪಾದ ಬಟ್ಟೆಯೊಳಗಿನದನ್ನೂ ತೆಗೆದಳು. ಎರಡನ್ನೂ ಅಂಗೈಯಲ್ಲಿಟ್ಟು ನೀರೆರೆದಳು. ನೀರು ಬೆರಳ ಸಂದಿನಿಂದ ಸೋರಿ ಕಲ್ಲಿನ ಮೇಲೆ ಬಿದ್ದು ಕೆಳಗೆ ಹೊರಟಿತು. ಅದರಲ್ಲಿ ಕುಂಕುಮದ ಎಳೆಯೊಂದು ಸ್ವಲ್ಪ ದೂರ ಕಂಡು ಕರಗಿತು.

ಪೂಜೆ ಮುಗಿಯಿತು. ಪುಟ್ಟದನ್ನು ಬಲಗೈಗೆ ತೆಗೆದುಕೊಂಡು ನೀರಿನ ಮೇಲೆ ಹಿಡಿದಳು. ಬಿಟ್ಟರೆ ಮುಗಿಯಿತು. ಅತ್ತೆ ಹೇಳಿದ ಹಾಗೂ ಆಗುತ್ತದೆ. ಆದರೆ ನೀರು ಅದನ್ನು ಎಲ್ಲಿಗೆ ಒಯ್ಯುತ್ತದೆ? ಇಷ್ಟು ಸಣ್ಣ ಹರಿವು. ಮುಂದಿನ ಕಲ್ಲಿನ ಸಂದಿಯಲ್ಲೇ ಅದು ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಝರಿ ಬತ್ತಿದಾಗ ಬಿಸಿಲಿಗೆ ಬಿದ್ದಿರುತ್ತದೆ, ದನ ತುಳಿಯುತ್ತವೆ. ಅಲ್ಲಿ ಮಣ್ಣಿನೊಳಗೆ ಮಗಳ ಪುಟ್ಟ ಕೈಯಲ್ಲಿರುವುದು ಯಾರದೋ ಜೋಳಿಗೆಯ ಕಲ್ಲು. ಇದನ್ನೂ ಯಾರದೂ ಅಲ್ಲದ್ದಾಗಿ ಮಾಡಿ ಹೋಗುವುದೇ?

ಮೀಯಿಸಿದ ನೀರು ಹೋಗಿದೆಯಲ್ಲ, ಅಷ್ಟು ಮಗಳ ಕಡೆಗೆ ಹೋಗಲಿ.

ನಾಗವ್ವ ಕೈಯನ್ನು ಹಿಂದೆ ತೆಗೆದುಕೊಂಡಳು. ಕರಡಿಗೆಯೊಳಗೆ ಲಿಂಗ ಅಲುಗದಂತೆ ಸುತ್ತಿದ್ದ ಬಟ್ಟೆಯನ್ನು ಹೊರಗೆಳೆದಳು. ಅವಳ ಲಿಂಗದ ಪಕ್ಕ, ಆ ಜಾಗದಲ್ಲಿ ಪುಟ್ಟದು ತನ್ನ ಅಳತೆಗೇ ಮಾಡಿದಂತೆ ಕೂತಿತು. ಮುಚ್ಚಳ ಮಾತ್ರ ಪೂರಾ ಕೂಡಲಿಲ್ಲ. ಶಿವದಾರವನ್ನು ಇನ್ನೊಂದು ಸುತ್ತು ಬಿಗಿದಳು. ಇನ್ನು ಇದು ಭರಣಿಯಲ್ಲಿ ಅಡಗಿ ಕೂರುವುದಿಲ್ಲ, ಮೈಮೇಲೇ ಇರುತ್ತದೆ. ತನಗೆ ಮಣ್ಣು ಕೊಡುವ ದಿನ, ಅದು ಬೆಂಗಳೂರೇ ಇರಲಿ ಮತ್ತೆಲ್ಲೇ ಇರಲಿ, ಕರಡಿಗೆ ತೆರೆದವರಿಗೆ ಎರಡು ಸಿಗುತ್ತವೆ. ಬೆರಗಾಗಲಿ. ಅವತ್ತು ಕೇಳಿದರೆ ಉತ್ತರ ಕೊಡಲು ತಾನು ಇರುವುದಿಲ್ಲ. ಎರಡನ್ನೂ ಒಂದೇ ಕೈಯಲ್ಲಿಟ್ಟು ಕಟ್ಟದೆ ಅವರಿಗೆ ಬೇರೆ ದಾರಿಯೂ ಇರುವುದಿಲ್ಲ.

ತಂಬಿಗೆ ತುಂಬಿಕೊಂಡು ಅವಳು ಇಳಿದು ಬಂದಳು. ಇಂಜಿನ್ ಆಗಲೇ ಸದ್ದು ಮಾಡುತ್ತಿತ್ತು.

“ಎಷ್ಟೊತ್ತವಾ ಪೂಜಿ?” ಎಂದಳು ರಾಚವ್ವ.

“ನೀರು ಸಣ್ಣಗ ಬರ್ತಿತ್ರಿ ಅತ್ತಿ.”

ಗಾಲಿಯ ಕಲ್ಲು ತೆಗೆದು ನೀಲಕಂಠಪ್ಪ ಹತ್ತಿ ಕೂತ. ಕಾರು ಒದರುತ್ತ ಕೊನೆಯ ತಿರುವನ್ನು ಏರಿ ನೆತ್ತಿ ದಾಟಿತು. ಇಂದ್ರಾಯಣಿ ಯಾವ ಕಡೆ ಕಾಣುತ್ತದೆ ಎಂದು ಅವನು ತಮ್ಮನನ್ನು ಕೇಳುತ್ತಿದ್ದ. ನಾಗವ್ವ ಸೆರಗಿನಿಂದ ಎದೆಯನ್ನು ಮುಚ್ಚಿಕೊಂಡು, ಮಡಿಲಿನಲ್ಲಿ ರೊಟ್ಟಿಯ ಗಂಟು ಬಿಚ್ಚಿ, ಮೊದಲನೆಯದನ್ನು ಅತ್ತೆಗೆ ಮುರಿದು ಕೊಟ್ಟಳು.